ಗಾತ್ರವೇ ಆವೃತ್ತಿಯಾದ ಬಗೆ

ಸಿ ಭಾಷೆಯ ಪ್ರೋಗ್ರಾಂ, ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನಿಂದ ಕರೆಗಳ ಮೂಲಕ ಕೆಲಸ ಮಾಡಿಸಿಕೊಳ್ಳುವಾಗ, ಅನೇಕ ವೇಳೆ, ಹಲವು ಬಗೆಯ ಮಾಹಿತಿಯನ್ನು ಒಂದೆಡೆ ಜೋಡಿಸಿದ ‘ಸ್ಟ್ರಕ್ಚರ್’ ಎಂಬ ದತ್ತಾಂಶ ರಚನೆಯ ಮೆಮೊರಿ ವಿಳಾಸವನ್ನು ಕೊಡುತ್ತದೆ. ಆದರೆ ಆ ವಿಳಾಸದಿಂದ ರಚನೆಯ ಆರಂಭ ತಿಳಿಯುತ್ತದೆಯೇ ಹೊರತು ಅದರ ಕೊನೆ ತಿಳಿಯುವುದಿಲ್ಲ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1983ರಲ್ಲಿ ಹೊರಬಂದ, ಯುನಿಕ್ಸ್ ಬಗೆಯ ಕಾರ್ಯಾಚರಣಾ ವ್ಯವಸ್ಥೆಯಾದ 4.2 ಬಿಎಸ್‌ಡಿ, ಜಾಲಸಂಪರ್ಕದ ‘ಸಾಕೆಟ್’ ಕರೆಗಳನ್ನು ರೂಪಿಸಿದಾಗ, ಎಲ್ಲ ಬಗೆಯ ಜಾಲವಿಳಾಸಗಳಿಗೂ ಅವೇ ಕರೆಗಳು ಸಲ್ಲಬೇಕಾಗಿದ್ದುದರಿಂದ, ರಚನೆಯ ಜೊತೆಗೆ ಅದರ ಗಾತ್ರವನ್ನೂ ಬೇರೆಯಾಗಿ ಕೇಳಿ ಪಡೆಯಿತು. ಇಂಟರ್ನೆಟ್ ವಿಳಾಸಕ್ಕೆ 16 ಬೈಟ್ ಸಾಕಾಗಿದ್ದರೆ, ಒಂದೇ ಯಂತ್ರದೊಳಗಿನ ಸಂಪರ್ಕಕ್ಕೆ ಬಳಸುವ, ಫೈಲಿನ ಹೆಸರನ್ನು ಒಳಗೊಂಡ ವಿಳಾಸಕ್ಕೆ ನೂರಕ್ಕೂ ಹೆಚ್ಚು ಬೈಟ್ ಬೇಕಾಗುತ್ತಿತ್ತು. ಹೊರಗಿನಿಂದ ಬಂದ ಸಂಪರ್ಕವನ್ನು ಒಪ್ಪಿಕೊಳ್ಳುವ ‘ಆಕ್ಸೆಪ್ಟ್’ ಕರೆಯಲ್ಲಂತೂ, ತನ್ನಲ್ಲಿ ಎಷ್ಟು ಜಾಗವಿದೆಯೆಂದು ಪ್ರೋಗ್ರಾಂ ಬರೆದಿಟ್ಟ ಸ್ಥಳದಲ್ಲೇ ವಿಳಾಸದ ನಿಜವಾದ ಉದ್ದವನ್ನು ಕರ್ನಲ್ ತಿದ್ದಿ ಬರೆಯುತ್ತಿತ್ತು. 1990ರ 4.3 ಬಿಎಸ್‌ಡಿ ರೀನೊ ಉದ್ದವನ್ನು ರಚನೆಯ ಮೊದಲ ಬೈಟಿಗೇ ಸೇರಿಸಿತಾದರೂ, ಅದೇ ಬಗೆಯ ಮತ್ತೊಂದು ವ್ಯವಸ್ಥೆಯಾದ ಲಿನಕ್ಸ್ ಆ ಹಾದಿ ಹಿಡಿಯಲಿಲ್ಲ.

ಗಾತ್ರವನ್ನು ಬರೆದಿಡುವ ಸಂಖ್ಯೆಗೇ ಎಷ್ಟು ಗಾತ್ರವಿರಬೇಕೆಂಬ ಜಗಳ, ಇಂದು ತಮಾಷೆಯಾಗಿ ಕಂಡರೂ, ಆಗ ಗಂಭೀರವಾಗಿಯೇ ಇತ್ತು. ಬರ್ಕ್ಲಿಯವರು ಇದಕ್ಕೆ ಬಳಸಿದ್ದ ‘ಇಂಟ್’ ಎಂಬ ಪೂರ್ಣಾಂಕದ ಬದಲು, ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್‌ನ ಕರಡು ‘ಸೈಜ್-ಟಿ’ಯನ್ನು ಸೂಚಿಸಿತು. 32 ಬಿಟ್ ಯಂತ್ರಗಳಲ್ಲಿ ಎರಡೂ 4 ಬೈಟಿನವೇ ಆಗಿದ್ದರೂ, 64 ಬಿಟ್ ಯಂತ್ರಗಳಲ್ಲಿ ಎರಡನೆಯದು ಸಾಮಾನ್ಯವಾಗಿ 8 ಬೈಟ್ ಆಗುವುದರಿಂದ, 4 ಬೈಟಿನ ಜಾಗಕ್ಕೆ 8 ಬೈಟ್ ಬರೆದು ಪಕ್ಕದ ಮಾಹಿತಿಯನ್ನು ಕೆಡಿಸುವ ಅಪಾಯವಿತ್ತು. ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೋರ್ವಾಲ್ಡ್ಸ್ ಈ ಬದಲಾವಣೆಯನ್ನು ಕಟುವಾಗಿ ವಿರೋಧಿಸಿದರು. ಕೊನೆಗೆ ‘ಸಾಕ್‌ಲೆನ್-ಟಿ’ ಎಂಬ ಹೊಸ ಹೆಸರು ಹುಟ್ಟಿತು, ಲಿನಕ್ಸ್‌ನಲ್ಲಿ ಅದರಡಿ ಹಳೆಯ 4 ಬೈಟ್ ಹಾಗೆಯೇ ಉಳಿಯಿತು.

ಇದಕ್ಕಿಂತ ಆಳವಾದ ತೊಡಕೆಂದರೆ, ರಚನೆಗೆ ಹೊಸ ಅಂಶಗಳು ಸೇರುತ್ತ ಹೋದಾಗ ಹಳೆಯ ಪ್ರೋಗ್ರಾಂಗಳ ಗತಿಯೇನು ಎಂಬುದು. ವಿಂಡೋಸ್‌ನ ಅನೇಕ ರಚನೆಗಳಲ್ಲಿ ಗಾತ್ರವನ್ನು ಮೊದಲ ಅಂಶವಾಗಿ ತುಂಬಿಸುವ ರೂಢಿ ಬೆಳೆಯಿತು. ಫೈಲನ್ನು ತೆರೆಯಲೆಂದು ಲಿನಕ್ಸ್ 2020ರಲ್ಲಿ ಸೇರಿಸಿಕೊಂಡ, ರಚನೆಯ ಜೊತೆಗೆ ಅದರ ಗಾತ್ರವನ್ನೂ ಪಡೆಯುವ ‘ಓಪನ್‌ಎಟ್2’ ಕರೆಯಲ್ಲಿ, ಬಂದ ರಚನೆ ತಾನರಿತದ್ದಕ್ಕಿಂತ ಚಿಕ್ಕದಾಗಿದ್ದರೆ ಕರ್ನಲ್ ಉಳಿದ ಭಾಗವನ್ನು ಸೊನ್ನೆಯೆಂದು ಭಾವಿಸುತ್ತದೆ. ದೊಡ್ಡದಾಗಿದ್ದು ತಾನರಿಯದ ಹೆಚ್ಚುವರಿ ಬೈಟುಗಳೆಲ್ಲ ಸೊನ್ನೆಯಾಗಿದ್ದರೆ ಒಪ್ಪಿಕೊಂಡು, ಇಲ್ಲವಾದರೆ ಕರೆಯನ್ನು ತಿರಸ್ಕರಿಸುತ್ತದೆ. ಹೀಗೆ ಗಾತ್ರವು ಅಳತೆಯಷ್ಟೇ ಆಗಿ ಉಳಿಯದೆ ಆವೃತ್ತಿಯ ಗುರುತಾಗಿಯೂ ಬಳಕೆಗೆ ಬಂದಿತು: ಹೊಸ ಪ್ರಕ್ರಿಯೆಯನ್ನು ಸೃಷ್ಟಿಸಲು 2019ರಲ್ಲಿ ಲಿನಕ್ಸ್‌ಗೆ ಬಂದ ‘ಕ್ಲೋನ್3’ ಕರೆಯ ರಚನೆಯು 64ರಿಂದ 80ಕ್ಕೆ, ಅಲ್ಲಿಂದ 88 ಬೈಟಿಗೆ ಬೆಳೆದಾಗ, ಕರ್ನಲ್‌ನ ಹೆಡರ್ ಫೈಲಿನಲ್ಲಿ ಆ ಮೂರು ಅಳತೆಗಳಿಗೆ ಸೊನ್ನೆ, ಒಂದು, ಎರಡನೆಯ ಆವೃತ್ತಿಗಳೆಂದೇ ಹೆಸರಿಡಲಾಯಿತು.