ಬೂದು ಪಟ್ಟಿಗಳೂ ನಮ್ಮ ಒತ್ತಕ್ಷರವೂ

ಮೊಬೈಲಿನಲ್ಲಿ ಸುದ್ದಿ ಆಪ್ ತೆರೆದ ಕೂಡಲೇ, ಬರಹ ಬರುವ ಮೊದಲು ಬೂದು ಬಣ್ಣದ ಪಟ್ಟಿಗಳು ಮಿನುಗುತ್ತವಲ್ಲ, ಗಮನಿಸಿರುತ್ತೀರಿ. ನಮ್ಮ ಕಸುಬಿನಲ್ಲಿ ಅದಕ್ಕೆ ಸ್ಕೆಲಿಟನ್ ಅಂತಾರೆ, ಅಸ್ಥಿಪಂಜರ! ಬೆಂಗಳೂರಿನಲ್ಲಿ ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ರಾವಂದೂರಿನಲ್ಲಿ ಸಿಗ್ನಲ್ ಕೈಕೊಟ್ಟ ದಿನ ಅವನ್ನೇ ನೋಡುತ್ತ ಕೂರಬೇಕು. ಕಡೆಗೆ ಸುದ್ದಿ ಬಂದಾಗ ಸಾಲುಗಳೆಲ್ಲ ಕೆಳಕ್ಕೆ ಜಿಗಿದು, ತಂಬಾಕಿನ ದರ ನೋಡಲು ಹೋದ ಬೆರಳು ಜಾಹೀರಾತಿನ ಮೇಲೆ ಬೀಳುತ್ತದೆ. ಇಂಗ್ಲಿಷಿಗೆ ಅಳೆದು ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದ್ದರ ಫಲ ಇದು.

2008ರಲ್ಲಿ ಐಫೋನಿಗೆ ಹೊರಗಿನವರು ಆಪ್ ಬರೆಯತೊಡಗಿದಾಗ ಸಾಲಿಗೆ ತಾನಾಗಿ ಸಿಗುತ್ತಿದ್ದ ಎತ್ತರ 44 ಪಾಯಿಂಟ್. ಬೇರೆ ಬೇರೆ ಎತ್ತರ ಬೇಕಾದರೆ ಪ್ರತಿ ಸಾಲನ್ನೂ ಮೊದಲೇ ಅಳೆದು ಹೇಳಬೇಕಿತ್ತು. 2013ರ ಐಓಎಸ್ 7ರಲ್ಲಿ ಅಂದಾಜು ಹೇಳಿದರೆ ಸಾಕು ಅಂತಾಯ್ತು. ಮರುವರ್ಷ ಸಾಲೇ ತನ್ನ ಅಳತೆ ತಾನು ನೋಡಿಕೊಳ್ಳತೊಡಗಿತು. ಸ್ಕೆಲಿಟನ್ ಅನ್ನೋ ಹೆಸರು ಬಂದದ್ದೂ 2013ರಲ್ಲೇ. ಪೋಲಾರ್ ಆಪ್ ಮಾಡಿದ ಲ್ಯೂಕ್ ರೊಬ್ಲೆವ್‌ಸ್ಕಿ, ಗಿರಗಿರ ತಿರುಗುವ ಚಕ್ರ ಕಾಯುವಿಕೆಯನ್ನೇ ಎತ್ತಿ ತೋರಿಸುತ್ತೆ, ಅದನ್ನು ಬಿಡಿ ಅಂತ ಬರೆದರು.

ಈಗ ಕನ್ನಡಕ್ಕೆ ಬರೋಣ. ‘ಸ್ತ್ರೀ’ ಅಂತ ಬರೆದು ನೋಡಿ, ಅಕ್ಷರದ ಕೆಳಗೆ ಎಷ್ಟು ಜಾಗ ಬೇಕು! ಆಂಡ್ರಾಯ್ಡ್ ಇದಕ್ಕೆ ಕಂಡುಕೊಂಡ ಉಪಾಯ ಅಂದರೆ ಅಕ್ಷರವನ್ನೇ ಅದುಮುವುದು. ಇಂಗ್ಲಿಷಿನ ಸಾಲಿನೊಳಗೆ ತೂರುವಂತೆ ಕುಗ್ಗಿಸಿದ ಫಾಂಟನ್ನೇ ನಾವು ವರ್ಷಗಟ್ಟಲೆ ಓದಿದೆವು. ಬೇಡವೆಂದರೆ ಪೂರ್ಣ ಎತ್ತರ ಕೇಳುವ ಒಂದು ಸ್ವಿಚ್ಚು 2014ರ ಆಂಡ್ರಾಯ್ಡ್ 5ರಲ್ಲಿ ಬಂತು, ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಅಂತ. (ಪೂರ್ತಿ ಅಕ್ಷರ ಬರೆಯುವುದಕ್ಕೆ ‘ಸೊಗಸು’ ಅಂತ ಹೆಸರು! :)) 2024ರ ಆಂಡ್ರಾಯ್ಡ್ 15ಕ್ಕೆಂದು ಕಟ್ಟಿದ ಆಪ್‌ಗಳಲ್ಲಿ ಆ ಸ್ವಿಚ್ಚು ತಾನಾಗಿ ಆನ್ ಆಯ್ತು. 2025ರ 16ಕ್ಕೆ ಕಟ್ಟಿದರೆ ಆಫ್ ಮಾಡಲಿಕ್ಕೇ ಬರುವುದಿಲ್ಲ. ಕುಗ್ಗಿಸಿದ ಫಾಂಟುಗಳನ್ನೇ ಕೈಬಿಡುತ್ತಿದ್ದೇವೆ, ನಿಮ್ಮ ಲೇಔಟ್ ಸರಿಮಾಡಿಕೊಳ್ಳಿ ಅಂತ ಗೂಗಲ್ ಪಟ್ಟಿ ಮಾಡಿದ ಭಾಷೆಗಳಲ್ಲಿ ತಮಿಳು, ತೆಲುಗು, ಮಲಯಾಳಗಳ ಜೊತೆ ಕನ್ನಡವೂ ಇದೆ.

ನನಗಂತೂ ಖುಷಿಯಾಯ್ತು. ಆದರೆ ಹಳೇ ಅಳತೆಯ ಬೂದು ಪಟ್ಟಿಗಳು ಹಾಗೇ ಉಳಿದರೆ ಜಿಗಿತ ಇನ್ನೂ ಜೋರಾಗುತ್ತದೆ. ಜೊತೆಗೆ ‘ಮಾಡಬೇಕಾಗಿರುವುದರಿಂದ’ದಂಥ ಪದಗಳು ಇಡಿಯಾಗಿ ಮುಂದಿನ ಸಾಲಿಗೆ ಉರುಳುತ್ತವೆ, ಎರಡು ಸಾಲಿನ ಶೀರ್ಷಿಕೆ ಮೂರಾಗುತ್ತೆ. ಆಪ್ ಬರೆಯುವ ಗೆಳೆಯರೇ, ಪಟ್ಟಿಯ ಎತ್ತರವನ್ನು ಅಂಕಿಯಲ್ಲಿ ಬರೆದಿಡಬೇಡಿ. ಅದೇ ಫಾಂಟಿನಲ್ಲಿ ಮೂರು ಸಾಲು ಕನ್ನಡವನ್ನು ಕಾಣದಂತೆ ಇಟ್ಟು, ಅದರ ಎತ್ತರಕ್ಕೆ ಪಟ್ಟಿ ಎಳೆಯಿರಿ. ಅಕ್ಷರ ದೊಡ್ಡದು ಮಾಡಿಕೊಂಡು ಓದುವ ನಮ್ಮೂರಿನ ಹಿರಿಯರಿಗೂ ಅದು ಸರಿಹೊಂದುತ್ತದೆ. ಆ ಮೂರು ಸಾಲಿನಲ್ಲಿ ಇಂಗ್ಲಿಷ್ ತುಂಬಿದರೆ ಮಾತ್ರ ಲೆಕ್ಕ ಮತ್ತೆ ತಪ್ಪುತ್ತೆ.