ನಿಮ್ಮ ಇಮೇಲ್ ಯಾವ ಪೆಟ್ಟಿಗೆಯಲ್ಲಿದೆ? ಎಂಬಾಕ್ಸ್, ಮೇಲ್‌ಡಿರ್ ನಡುವಿನ ಆಯ್ಕೆ

ಮಾಹಿತಿ ಹಕ್ಕಿನಡಿ ಕೇಳಿ ಪಡೆದ ಉತ್ತರಗಳನ್ನೆಲ್ಲ ನನ್ನ ಲ್ಯಾಪ್‌ಟಾಪಿನ ಇಮೇಲ್ ಪ್ರೋಗ್ರಾಂನಲ್ಲಿ ಒಂದೇ ಫೋಲ್ಡರಿಗೆ ಹಾಕಿಟ್ಟಿದ್ದೆ. ಒಂದು ರಾತ್ರಿ ಹಳೇ ಮೇಲ್ ಅಳಿಸಿ ಜಾಗ ಮಾಡ್ತಿದ್ದಾಗ ಬ್ಯಾಟರಿ ಖಾಲಿಯಾಯ್ತು. ಮತ್ತೆ ಆನ್ ಮಾಡಿದರೆ ಅರ್ಧದಷ್ಟು ಉತ್ತರಗಳೇ ಇಲ್ಲ. ಎಂಜಿನಿಯರಿಂಗ್ ಓದಿದವನಾಗಿದ್ದರೂ ನಾನು ಅಲ್ಲಿವರೆಗೆ ಒಂದು ಪ್ರಶ್ನೆ ಕೇಳಿಕೊಂಡಿರಲೇ ಇಲ್ಲ: ಈ ಮೇಲ್‌ಗಳು ಡಿಸ್ಕಿನಲ್ಲಿ ಯಾವ ರೂಪದಲ್ಲಿವೆ?

ಎಂಬಾಕ್ಸ್: ಎಲ್ಲವೂ ಒಂದೇ ಫೈಲಿನಲ್ಲಿ

ಯುನಿಕ್ಸ್ ಕಾಲದ ಹಳೇ ಪದ್ಧತಿ. ಒಂದು ಫೋಲ್ಡರಿನ ಅಷ್ಟೂ ಮೇಲ್ ಒಂದರ ಕೆಳಗೊಂದರಂತೆ ಒಂದೇ ಪಠ್ಯ ಫೈಲಿನಲ್ಲಿರುತ್ತವೆ. 'ಫ್ರಮ್' ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಸಾಲು ಬಂದರೆ ಹೊಸ ಮೇಲ್ ಅಂತ ಅರ್ಥ. ಮೇಲ್ ಬರೆದವರೇ ಆ ಪದದಿಂದ ಸಾಲು ಶುರು ಮಾಡಿದ್ದರೆ? ಗೊಂದಲ ತಪ್ಪಿಸಲು ಅದರ ಮುಂದೆ '>' ಗುರುತು ಸೇರಿಸುತ್ತಾರೆ. ಅಂದರೆ ಮೂಲ ಪಠ್ಯವೇ ಬದಲಾಗುತ್ತೆ. ಡಿಜಿಟಲ್ ಸಹಿ ಇದ್ದರೆ ಅದು ತಾಳೆಯಾಗದೇ ಹೋಗಬಹುದು. ಮೇಲನ್ನು ಸಾಕ್ಷ್ಯವಾಗಿ ಇಟ್ಟುಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ನಡುವಿನ ಮೇಲ್ ಒಂದನ್ನು ಪೂರ್ತಿ ತೆಗೆಯಬೇಕಾದರೆ ಫೈಲನ್ನೇ ಮತ್ತೆ ಬರೆಯಬೇಕು. ನನ್ನ ಉತ್ತರಗಳು ಹೋದದ್ದು ಈ ಹಂತದಲ್ಲೇ. ಜೊತೆಗೆ, 5 ಜಿಬಿ ಫೈಲಿಗೆ ಒಂದು ಮೇಲ್ ಸೇರಿದರೂ ಸಾಮಾನ್ಯ ಬ್ಯಾಕಪ್ ಮತ್ತೆ 5 ಜಿಬಿ ನಕಲು ಮಾಡುತ್ತೆ.

ಮೇಲ್‌ಡಿರ್: ಒಂದು ಮೇಲ್, ಒಂದು ಫೈಲ್

1990ರ ದಶಕದಲ್ಲಿ ಡ್ಯಾನಿಯಲ್ ಜೆ. ಬರ್ನ್‌ಸ್ಟೈನ್ ತಮ್ಮ ಕ್ಯೂಮೇಲ್ ಸರ್ವರಿಗಾಗಿ ರೂಪಿಸಿದ್ದು. ಗೂಢಲಿಪಿ ಕೋಡ್ ಪ್ರಕಟಿಸಲು ಅಡ್ಡಿಯಾಗಿದ್ದ ರಫ್ತು ನಿಯಮಗಳ ವಿರುದ್ಧ 1995ರಲ್ಲಿ ಅಮೆರಿಕ ಸರ್ಕಾರವನ್ನೇ ಕೋರ್ಟಿಗೆಳೆದವರೂ ಇವರೇ.

ಇದರಲ್ಲಿ 'ಟಿಎಂಪಿ', 'ನ್ಯೂ', 'ಕರ್' ಎಂಬ ಮೂರು ಕೋಶಗಳು. ಮೇಲ್ ಮೊದಲು 'ಟಿಎಂಪಿ'ಯಲ್ಲಿ ಪೂರ್ತಿ ಬರೆದಾದ ಮೇಲಷ್ಟೇ 'ನ್ಯೂ'ಗೆ ಹೋಗುತ್ತೆ. ಪ್ರೋಗ್ರಾಂ ಗಮನಿಸಿದ ನಂತರ 'ಕರ್'ಗೆ. ನಡುವೆ ಕರೆಂಟ್ ಹೋದರೂ ಅರ್ಧಂಬರ್ಧ ಮೇಲ್ ಇನ್‌ಬಾಕ್ಸಿಗೆ ಬರಲ್ಲ. ಒಂದು ಫೈಲ್ ಕೆಟ್ಟರೆ ಹೋಗೋದು ಒಂದೇ ಮೇಲ್.

ತೊಂದರೆಯೂ ಇದೆ. ಲಕ್ಷ ಮೇಲ್ ಅಂದರೆ ಲಕ್ಷ ಫೈಲ್; ನಕಲು ಮಾಡೋದು ನಿಧಾನ. ಓದಿದ, ಉತ್ತರಿಸಿದ ಗುರುತುಗಳು ಫೈಲಿನ ಹೆಸರಿನಲ್ಲೇ ':' ಚಿಹ್ನೆಯ ನಂತರ ಇರುತ್ತವೆ. ವಿಂಡೋಸ್ ಫೈಲ್ ಹೆಸರಿನಲ್ಲಿ ಆ ಚಿಹ್ನೆಯನ್ನು ಒಪ್ಪೋದಿಲ್ಲ.

ಯಾರಿಗೆ ಯಾವುದು?

ದಿನವೂ ಬಳಸುವ, ಆಗಾಗ ಬ್ಯಾಕಪ್ ಆಗುವ ಮೇಲ್‌ಗೆ ನನ್ನ ಮತ ಮೇಲ್‌ಡಿರ್‌ಗೆ. ಇನ್ನು ಮುಟ್ಟದ ಹಳೇ ಕಡತಕ್ಕೆ, ಒಂದು ಕಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಎಂಬಾಕ್ಸ್ ಸಾಕು. ಜಿಮೇಲ್ ಖಾತೆಯ ಮೇಲ್‌ಗಳನ್ನು ಗೂಗಲ್ ಟೇಕ್‌ಔಟ್ ಕೊಡೋದೂ ಅದೇ ರೂಪದಲ್ಲಿ. ಎರಡೂ ಮುಕ್ತ ಮಾದರಿಗಳು, ಯಾವ ಕಂಪನಿಯ ಅಪ್ಪಣೆಯೂ ಬೇಡ. ಒಂದು ಕಂಪನಿ ಬಾಗಿಲು ಮುಚ್ಚಿದರೂ ನಿಮ್ಮ ಪತ್ರ ನೀವು ಓದಬಹುದು.

ಥಂಡರ್‌ಬರ್ಡ್ ಬಳಸುವವರು ಗಮನಿಸಿ: ಅಲ್ಲಿ ತಾನಾಗಿ ಸಿಗೋದು ಎಂಬಾಕ್ಸ್. ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಹೊಸ ಖಾತೆಗಳಿಗೆ ಮಾತ್ರ ಅನ್ವಯ. ಹಾಗಾಗಿ ಖಾತೆ ಸೇರಿಸುವ ಮೊದಲೇ ಆರಿಸಿಕೊಳ್ಳಿ. ಯಾವುದನ್ನು ಆರಿಸಿದರೂ ಇನ್ನೊಂದು ಡಿಸ್ಕಿನಲ್ಲಿ ಒಂದು ಪ್ರತಿ ಇರಲಿ. ನನ್ನ ಹತ್ತಿರ ಅದು ಇರಲಿಲ್ಲ. ಅರ್ಜಿಗಳನ್ನು ಮತ್ತೆ ಹಾಕಬೇಕಾಯ್ತು.