ಹೆಸರಿಲ್ಲದ ಕಸುಬಿನ ನಾಲ್ಕು ಊರು: ಥಾಣೆ ಸೀಮೆಯ ಬಟ್ಟೆಕಲೆ, ಬಟ್ಟೆಗೊಂಬೆ

ಚನ್ನಪಟ್ಟಣ ಎಂದರೆ ಅರಗಿನ ಗೊಂಬೆ, ಕಿನ್ನಾಳ ಎಂದರೆ ಬಣ್ಣದ ಮರದ ಗೊಂಬೆ. ಧಾರವಾಡ ಸೀಮೆಗೆ ಕಸೂತಿ, ಇಳಕಲ್ಲಿಗೆ ಸೀರೆ, ಗುಳೇದಗುಡ್ಡಕ್ಕೆ ಖಣ. ಊರಿನ ಹೆಸರು ಹೇಳಿದರೆ ಕಸುಬು ಕಣ್ಣ ಮುಂದೆ ಬರುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಿಗೆ ಬಟ್ಟೆಕೆಲಸದಲ್ಲಿ ಇಂಥ ಹೆಸರು ಇಲ್ಲ. ಆದರೂ ಗಣೇಶನ ಹಬ್ಬದಿಂದ ಸಂಕ್ರಾಂತಿಯ ತನಕ ಈ ಊರುಗಳ ಸಭಾಗೃಹಗಳಲ್ಲಿ, ಹೌಸಿಂಗ್ ಸೊಸೈಟಿಗಳ ಅಂಗಳದಲ್ಲಿ, ಕನ್ನಡ ಸಂಘಗಳ ಮಹಿಳಾ ವಿಭಾಗದ ಕಾರ್ಯಕ್ರಮಗಳಲ್ಲಿ ಸಾಲುಮೇಜುಗಳ ಮೇಲೆ ಕೈಕೆಲಸ ಹರಡಿರುತ್ತದೆ: ಖಣದ ಬಟವೆ, ಕ್ರೋಶಾ ತೋರಣ, ಮಗುವಿನ ಕೌದಿ, ಒಂಬತ್ತು ಗಜದ ಸೀರೆ ಉಟ್ಟ ಗೇಣುದ್ದದ ಗೊಂಬೆ. ಮಾರುತ್ತಿರುವವರಲ್ಲಿ ಹೆಚ್ಚಿನವರು ಗೃಹಿಣಿಯರು. ಕುಲಕಸುಬಿನವರು ವಿರಳ.

ಕುಲವೂ ಕೇರಿಯೂ ಇಲ್ಲದ ಈ ಕಸುಬು ಇಲ್ಲಿ ಹೇಗೆ ಬೆಳೆಯಿತು? ಅದರ ದಾರಿ ಹಿಡಿದು ನಡೆದರೆ ಕಾಣುವುದಿಷ್ಟು: ಬಟ್ಟೆ ಇಲ್ಲಿಯೇ ಇತ್ತು, ಕೈಗಳು ಬೇರೆಬೇರೆ ಊರಿನಿಂದ ಬಂದವು, ಗಿರಾಕಿಯನ್ನು ಹಬ್ಬ ತಂದುಕೊಟ್ಟಿತು. ಕೈಯ ಕೂಲಿ ಮಾತ್ರ ಇನ್ನೂ ಬೆಲೆಯೊಳಗೆ ಸೇರಿಲ್ಲ.

ಬಟ್ಟೆಯ ಹಳೆಯ ನೆಲ

ಈ ಸೀಮೆಗೆ ಬಟ್ಟೆಯ ವ್ಯಾಪಾರ ಹೊಸದಲ್ಲ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿ 'ಪೆರಿಪ್ಲಸ್' ಕಲ್ಯಾಣವನ್ನು ಬಂದರೆಂದು ಹೆಸರಿಸುತ್ತದೆ. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ದಾನಿಗಳ ಉಲ್ಲೇಖವಿದೆ. 13ನೇ ಶತಮಾನದ ಕೊನೆಗೆ ಮಾರ್ಕೊ ಪೋಲೊ ಥಾಣೆಯ ಬಗ್ಗೆ ಬರೆಯುವಾಗ ಅಲ್ಲಿನ ಹತ್ತಿ ಮತ್ತು ಬಟ್ಟೆಯ ವಹಿವಾಟನ್ನು ಗುರುತಿಸಿದ್ದಾನೆ.

ಆಧುನಿಕ ಕಾಲದಲ್ಲಿ ಯಂತ್ರ ಆ ಜಾಗಕ್ಕೆ ಬಂತು. 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಥಾಣೆಗೆ 34 ಕಿ.ಮೀ. ಓಡಿದ ರೈಲು ಮರುವರ್ಷ ಕಲ್ಯಾಣ ಮುಟ್ಟಿತು. 1925ರಲ್ಲಿ ಥಾಣೆಯಲ್ಲಿ ಉಣ್ಣೆ ಗಿರಣಿಯಾಗಿ ಆರಂಭವಾದದ್ದು ಮುಂದೆ ರೇಮಂಡ್ ಎಂದು ದೇಶಕ್ಕೆಲ್ಲ ಪರಿಚಿತವಾಯಿತು. ಭಿವಂಡಿ ವಿದ್ಯುತ್ ಮಗ್ಗಗಳ ಊರಾಯಿತು. ದೇಶವಿಭಜನೆಯ ನಂತರ ಕಲ್ಯಾಣದ ಸೇನಾ ಶಿಬಿರಗಳಲ್ಲಿ ನೆಲೆನಿಂತ ಸಿಂಧಿ ನಿರಾಶ್ರಿತರ ವಸತಿ 1949ರಲ್ಲಿ ಉಲ್ಲಾಸನಗರವೆಂಬ ಹೆಸರು ಪಡೆದು, ಸಿದ್ಧ ಉಡುಪು ಮತ್ತು ಅಗ್ಗದ ಬಟ್ಟೆಯ ಪೇಟೆಯಾಗಿ ಬೆಳೆಯಿತು. ಪಕ್ಕದ ಶಹಾಡಿನಲ್ಲಿ ಸೆಂಚುರಿ ರೇಯಾನ್ ಕಾರ್ಖಾನೆ ಬಂತು. ಹೀಗೆ ಕಲ್ಯಾಣದ ಸುತ್ತ ತಾನು, ತುಂಡು, ಚಿಂದಿ, ನೂಲು ಎಲ್ಲವೂ ಕೈಗೆಟುಕುವಂತಾದವು. ಕೈಕಸುಬಿಗೆ ಬೇಕಾದ ಕಚ್ಚಾಮಾಲು ಯಂತ್ರದ ಬಟ್ಟೆಯ ಬೆನ್ನಿಗೇ ಬಂದದ್ದು ಈ ಸೀಮೆಯ ವಿಶೇಷ.

ಟ್ರಂಕಿನಲ್ಲಿ ಬಂದ ವಿದ್ಯೆ

ಮುಂಬಯಿಯಲ್ಲಿ ಮನೆ ಸಿಗದವರಿಗೆ, ಸಿಕ್ಕರೂ ಸಾಲದಾದವರಿಗೆ ಡೊಂಬಿವಲಿ, ಕಲ್ಯಾಣಗಳು ಆಸರೆಯಾದವು. 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಸ್ಥಾಪನೆಯಾಗಿ ಕೊಲ್ಲಿಯಾಚೆ ನವಿ ಮುಂಬಯಿ ಎದ್ದಿತು. ಬಂದವರಲ್ಲಿ ಕೊಂಕಣದವರು, ಘಟ್ಟದ ಮೇಲಿನ ಮರಾಠಿಗರು, ಗುಜರಾತಿಗಳು, ತಮಿಳರು ಇದ್ದರು. ಕರಾವಳಿಯಿಂದಲೂ ಬಿಜಾಪುರ, ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯಿಂದಲೂ ಕನ್ನಡಿಗರು ಬಂದರು. ಪ್ರತಿ ಮನೆಯ ಹೆಂಗಸರ ಟ್ರಂಕಿನಲ್ಲಿ ಒಂದಿಷ್ಟು ವಿದ್ಯೆಯೂ ಬಂತು.

ಉತ್ತರ ಕರ್ನಾಟಕದವರು ತಂದದ್ದು ಮುಖ್ಯವಾಗಿ ಎರಡು. ಒಂದು ಕಸೂತಿ. ಬಟ್ಟೆಯ ಎಳೆ ಎಣಿಸಿ ಹಾಕುವ ಈ ಹೊಲಿಗೆಗೆ ಮೊದಲೇ ಗೆರೆ ಎಳೆಯುವುದಿಲ್ಲ, ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣಬೇಕು. ನೇಯ್ಗಿ ಮತ್ತು ಮೆಂತ್ಯೆ ಉಳಿದ ಎರಡು ಬಗೆ. ಗೋಪುರ, ತುಳಸಿಕಟ್ಟೆ, ತೇರು, ಆನೆ ಇದರ ಚಿತ್ತಾರಗಳು. ಇನ್ನೊಂದು ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರು ಹಾಕಿ, ತುಂಡು ಜೋಡಿಸಿ, ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೋಗುವ ಹೊದಿಕೆ ಇದು. ಮರಾಠಿಗರ ಗೋಧಡಿ ಇದರ ಸೋದರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಗಳಲ್ಲಿ ಮೂಲೆಗೆ ಪುಟ್ಟ 'ಫೂಲ್' ಇಡದಿದ್ದರೆ ಹೊದಿಕೆ ಬೆತ್ತಲೆ ಎಂಬ ಮಾತಿದೆ. ಆ ಕವಂದಿಗಳು ಅಮೆರಿಕದ ಪ್ರದರ್ಶನಗಳ ತನಕ ಹೋದದ್ದರಿಂದ, ಹಾಸಿಗೆಯಡಿ ಮಡಚಿಟ್ಟಿದ್ದ ಕೌದಿಗೂ ಕಲೆಯ ಬೆಲೆ ಇದೆಯೆಂಬುದು ನಗರದವರಿಗೆ ತಿಳಿಯಿತು.

ಗೊಂಬೆ ಎರಡು ದಾರಿಯಲ್ಲಿ ಬಂತು. ಹಳೆಯ ಮೈಸೂರಿನವರು ಮತ್ತು ತಮಿಳರು ನವರಾತ್ರಿಯ ಮೆಟ್ಟಿಲುಗೊಂಬೆ ತಂದರು. ಅದು ಕೂರಿಸುವ ಗೊಂಬೆ, ಆಡುವುದಕ್ಕಲ್ಲ. ಮರಾಠಿ ಮನೆಗಳ ಚಿಂದಿ ಬಾಹುಲಿ ಮತ್ತು ನಮ್ಮ ಹಳ್ಳಿಗಳ ಬಟ್ಟೆಗೊಂಬೆ ಮಕ್ಕಳ ಕೈಗೆ ಸೇರಿದ್ದವು. ಅಜ್ಜಿ ಹಳೆ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕರಿದಾರ ಹಾಕಿ ಕೊಟ್ಟರೆ ಮಕ್ಕಳು ಅದಕ್ಕೆ ಮದುವೆ ಮಾಡುತ್ತಿದ್ದರು.

ರುಖವತ್ತಿನ ಪಾಠಶಾಲೆ

ಮನೆಯ ಕೈಕೆಲಸ ಊರಿನ ಕಣ್ಣಿಗೆ ಬೀಳುತ್ತಿದ್ದದ್ದು ಮದುವೆಯಲ್ಲಿ. ಮಹಾರಾಷ್ಟ್ರದಲ್ಲೂ ಗಡಿಭಾಗದ ಕನ್ನಡ ಮನೆಗಳಲ್ಲೂ ವಧುವಿನ ಕಡೆಯವರು ಮಂಟಪದ ಬದಿಗೆ ರುಖವತ್ ಜೋಡಿಸುತ್ತಿದ್ದರು. ತಿಂಡಿತಿನಿಸು, ಪಾತ್ರೆಪಡಗದ ಜೊತೆಗೆ ಮಣಿತೋರಣ, ಕ್ರೋಶಾ ಹೊದಿಕೆ, ಕಸೂತಿ ರುಮಾಲು, ಸಪ್ತಪದಿಯ ಗೊಂಬೆಗಳು ಸಾಲಾಗಿ ನಿಲ್ಲುತ್ತಿದ್ದವು. ಹುಡುಗಿಯ ಜಾಣ್ಮೆಯ ಪರೀಕ್ಷೆಯೆಂದೇ ನಡೆಯುತ್ತಿದ್ದ ಈ ಪದ್ಧತಿಯಲ್ಲಿ ಒತ್ತಾಯವೂ ಇತ್ತು, ಕಲಿಕೆಯೂ ಇತ್ತು. ಓದು, ನೌಕರಿಗಳಿಂದ ಹುಡುಗಿಯರಿಗೆ ಬಿಡುವು ಕಡಿಮೆಯಾದಾಗ ರುಖವತ್ತು ನಿಲ್ಲಲಿಲ್ಲ, ಮಾಡಿಕೊಡುವವರು ಬೇಕಾದರು. ಪರಿಚಿತರಿಗೆ ಮಾಡಿಕೊಟ್ಟ ಕೆಲಸಕ್ಕೆ ಹಣ ಪಡೆಯುವ ಸಂಕೋಚ ಮುರಿದದ್ದು ಇಂಥ ಆರ್ಡರುಗಳಲ್ಲಿ. ಈ ಸೀಮೆಯ ಗೊಂಬೆ ಕಸುಬಿನ ಮೊದಲ ಮಾರುಕಟ್ಟೆಯನ್ನು ಹುಡುಕುವವರು ರುಖವತ್ತಿನ ಮೇಜಿನಿಂದಲೇ ಆರಂಭಿಸಬೇಕು.

ಇನ್ನೊಂದು ನೂಕು ಕಷ್ಟದಿಂದ ಬಂತು. 1982ರ ಜನವರಿ 18ರಂದು ಆರಂಭವಾದ ಮುಂಬಯಿ ಬಟ್ಟೆ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಅನೇಕರಿಗೆ ಕೆಲಸ ಮರಳಿ ಸಿಗಲಿಲ್ಲ. ಅಂಥ ಮನೆಗಳಲ್ಲಿ ಹೊಲಿಗೆ ಯಂತ್ರ ಸಂಸಾರದ ಆಧಾರವಾಯಿತು: ಫಾಲ್-ಬೀಡಿಂಗ್, ರವಿಕೆ, ಗುಂಡಿ ಹಚ್ಚುವ ತುಂಡುಗೆಲಸ. 1975ರಲ್ಲಿ ಸ್ಥಾಪನೆಯಾದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ ಮತ್ತು ಮುಂದೆ ಹಬ್ಬಿದ ಬಚತ್ ಗಟ್‌ಗಳು (ಸ್ವಸಹಾಯ ಸಂಘಗಳು) ಈ ಕೈಗಳಿಗೆ ಸಣ್ಣ ಸಾಲ, ತರಬೇತಿ, ಪ್ರದರ್ಶನದ ಮೇಜು ಕೊಟ್ಟವು.

ದೇಶದ ಮಟ್ಟದಲ್ಲಿ ಇದಕ್ಕೆ ನೆಲ ಹದ ಮಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದ ಅವರು ಕುಶಲಕರ್ಮಿಗೆ ಕರುಣೆಗಿಂತ ಮಾರುಕಟ್ಟೆ ಬೇಕೆಂಬ ನಿಲುವಿನಲ್ಲಿ ಸಂಸ್ಥೆಗಳನ್ನು ಕಟ್ಟಿದರು. ಆದರೆ ಆ ಕಾಲದ ಯೋಜನೆಗಳ ಕಣ್ಣಿಗೆ ಕುಶಲಕರ್ಮಿ ಎಂದರೆ ಊರು, ಕುಲ, ಪರಂಪರೆ ಇದ್ದವರು. ಡೊಂಬಿವಲಿಯ ಮೂರನೇ ಮಹಡಿಯ ಗೃಹಿಣಿ ಆ ಚಿತ್ರದೊಳಗೆ ಇರಲಿಲ್ಲ.

ಕುಪ್ಪಸ ಬಿಟ್ಟ ಖಣ

ಈ ಸೀಮೆಯ ಕಸುಬಿಗೂ ಕರ್ನಾಟಕದ ಮಗ್ಗಕ್ಕೂ ಇರುವ ಗಟ್ಟಿ ನಂಟು ಖಣದ್ದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಈ ಕುಪ್ಪಸದ ಬಟ್ಟೆಯಲ್ಲಿ ತೇರು, ಸೂರ್ಯನಾರಾಯಣ, ಸಿದ್ಧೇಶ್ವರ ಮುಖ, ಕಳವಾರದಂಥ ವಿನ್ಯಾಸಗಳು ಹೆಚ್ಚುವರಿ ಹಾಸಿನ ಎಳೆಗಳಿಂದ ಮೂಡುತ್ತವೆ. ಮೊದಲಿನಿಂದಲೂ ಇದರ ದೊಡ್ಡ ಗಿರಾಕಿ ಮಹಾರಾಷ್ಟ್ರ. ನಗರದ ಹೆಂಗಸರು ಸೀರೆಗೆ ಹೊಂದುವ ರವಿಕೆಗೆ ಬದಲಾದಾಗ, ಅಗ್ಗದ ವಿದ್ಯುತ್ ಮಗ್ಗದ ಖಣ ಪೇಟೆಗೆ ಬಂದಾಗ, ಗುಳೇದಗುಡ್ಡದ ಕೈಮಗ್ಗಗಳು ಬಡವಾದವು.

ಖಣ ಪೂರ್ತಿ ಮರೆಯಾಗದಂತೆ ಕಾದದ್ದು ಆಚರಣೆ. ಉಡಿ ತುಂಬುವಾಗ ಖಣ-ತೆಂಗಿನಕಾಯಿ ಬೇಕು, ಯುಗಾದಿಯಂದು ಮನೆಯೆದುರು ಏರಿಸುವ ಗುಡಿಗೆ ಖಣ ಬೇಕು. ಉಡುವವರಿಲ್ಲದೆ ಮನೆಯಲ್ಲಿ ಉಳಿಯುವ ಉಡಿಯ ಖಣಗಳಿಗೆ ಕತ್ತರಿ ಹಾಕಿ ಚೀಲ, ಬಟವೆ, ತೋರಣ, ವಹಿಯ ಹೊದಿಕೆ, ಆಕಾಶಬುಟ್ಟಿ, ಗೊಂಬೆಯ ಕುಪ್ಪಸ ಹೊಲಿಯುವ ರೂಢಿ ಬಂದದ್ದು ಸಹಜವೇ. ಬೇಡಿಕೆ ಏರಿದಂತೆ ಹೊಲಿಯುವವರು ಖಣವನ್ನು ಗಜದ ಲೆಕ್ಕದಲ್ಲಿ ಕೊಳ್ಳತೊಡಗಿದರು. ಖಣದ ಸೀರೆಯೂ ಫ್ಯಾಶನ್ ಆಯಿತು.

ಹಬ್ಬಗಳು ಇದಕ್ಕೆ ನಿಗದಿತ ಗಿರಾಕಿ ಕೊಟ್ಟವು. ಡೊಂಬಿವಲಿಯ ಗಣೇಶ ಮಂದಿರ ಸಂಸ್ಥಾನ 1999ರಲ್ಲಿ ಆರಂಭಿಸಿದ ಗುಡಿಪಾಡ್ವದ ಸ್ವಾಗತಯಾತ್ರೆ ಮಹಾರಾಷ್ಟ್ರದ ಬೇರೆ ಊರುಗಳಿಗೂ ಹಬ್ಬಿತು. ಒಂಬತ್ತು ಗಜದ ನೌವಾರಿ ಸೀರೆ, ಖಣ, ನತ್ತುಗಳು ಅದರ ಗುರುತಾದವು. ಫ್ಲಾಟಿನ ಕಿಟಕಿಗೆ ಹೊಂದುವ ಸಿದ್ಧ ಪುಟ್ಟಗುಡಿಗೂ ಗಿರಾಕಿ ಹುಟ್ಟಿತು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಡೆಯುವ ಅರಿಶಿನ-ಕುಂಕುಮದಲ್ಲಿ ಬಂದ ಮುತ್ತೈದೆಯರಿಗೆಲ್ಲ 'ವಾಣ' ಕೊಡಬೇಕು. ಒಂದು ಮನೆಯಿಂದ ಒಂದೇ ಬಗೆಯ ಹತ್ತಾರು ಪುಟ್ಟ ಚೀಲಗಳಿಗೆ ಬೇಡಿಕೆ ಬಂದರೆ ಅದು ಸಣ್ಣ ಹೊಲಿಗೆಗಾರ್ತಿಗೆ ಸಗಟು ವ್ಯಾಪಾರವೇ. ಭಾದ್ರಪದದಲ್ಲಿ ಗೌರಿಯ ಮುಖವಾಡಕ್ಕೆ ಬಟ್ಟೆಯ ಮೈ, ಹೊಲಿದ ಸೀರೆ ಬೇಕು. ಕಸುಬಿನ ಪಂಚಾಂಗ ಹೀಗೆ ಹಬ್ಬದ ಪಂಚಾಂಗದ ಜೊತೆಗೇ ಸಾಗುತ್ತದೆ. ಹಬ್ಬವಿಲ್ಲದ ಬೇಸಿಗೆ, ಮಳೆಗಾಲದ ಮೊದಲ ತಿಂಗಳುಗಳಲ್ಲಿ ಕೈ ಖಾಲಿ.

ಚಿಂದಿ ಬಾಹುಲಿಯಿಂದ ಅಮಿಗುರುಮಿಗೆ

ಗೊಂಬೆ ಅಜ್ಜಿಯ ಕೈಯಿಂದ ಕುಶಲಕಲೆಯ ಮಟ್ಟಕ್ಕೆ ಏರಿದ್ದರ ಹಿಂದೆ ದಿಲ್ಲಿಯ ಶಂಕರ್ ಅಂತಾರಾಷ್ಟ್ರೀಯ ಗೊಂಬೆ ಸಂಗ್ರಹಾಲಯದ ಪಾಲಿದೆ. 1965ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಆರಂಭಿಸಿದ ಈ ಸಂಸ್ಥೆಯ ಕಾರ್ಯಾಗಾರದಲ್ಲಿ ಭಾರತದ ಪ್ರಾಂತ್ಯಗಳ ಉಡುಪು ತೊಟ್ಟ ಗೊಂಬೆಗಳು ತಯಾರಾಗಿ, ವಿದೇಶಿ ಗೊಂಬೆಗಳಿಗೆ ವಿನಿಮಯವಾಗಿ ಹೋದವು. ವಧೂವರರು, ನರ್ತಕಿ, ಮೀನುಗಾರ್ತಿ ಎಂಬ ಮಾದರಿಗಳು ಸರ್ಕಾರಿ ಎಂಪೋರಿಯಂಗಳ ಕಪಾಟು ತುಂಬಿದವು. ಥಾಣೆ ಸೀಮೆಯ ಕೋಲಿ ಮೀನುಗಾರ ದಂಪತಿ, ಪಂಢರಪುರದ ವಾರಕರಿ ಜೋಡಿ, ನೌವಾರಿ ಹೆಣ್ಣುಗೊಂಬೆಗಳು ಆ ವಂಶದವು. ಮೈಗೆ ತಂತಿ ಮತ್ತು ಬಟ್ಟೆ, ಒಳಗೆ ಹಿಂದೆ ಅರಳೆ, ಈಗ ಪಾಲಿಯೆಸ್ಟರ್ ನಾರು.

ಇತ್ತೀಚಿನ ತಿರುವು ಅಮಿಗುರುಮಿ. ಕ್ರೋಶಾ ಕಡ್ಡಿಯಲ್ಲಿ ಸುತ್ತುಸುತ್ತಾಗಿ ಹೆಣೆದು ನಾರು ತುಂಬುವ ಈ ಜಪಾನಿ ಪದ್ಧತಿಯನ್ನು ಯೂಟ್ಯೂಬ್ ಮನೆಮನೆಗೆ ತಂದಿತು. 2020ರ ಲಾಕ್‌ಡೌನಿನ ಬಿಡುವು ಅದಕ್ಕೆ ಒದಗಿತು. ತೋರಣ, ಹೊದಿಕೆ ಹೆಣೆದು ಪಳಗಿದ ಕೈಗಳಿಗೆ ಹೊಸ ಆಕಾರ ಕಷ್ಟವಾಗಲಿಲ್ಲ. ವಿನ್ಯಾಸ ಮಾತ್ರ ಎಲ್ಲೆಡೆಯೂ ಒಂದೇ: ಮೊಲ, ಆಕ್ಟೋಪಸ್, ಕರಡಿ. ತಮ್ಮದೇ ಕಥೆ ಕಟ್ಟಿಕೊಂಡ ಗೊಂಬೆಗಳು ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ದಕ್ಷಿಣದಲ್ಲಿ ಎರಡು ನಿದರ್ಶನಗಳಿವೆ. 2004ರ ಸುನಾಮಿಯ ಬಳಿಕ ಆರೋವಿಲ್ ಸುತ್ತಲಿನ ಮೀನುಗಾರ ಹೆಂಗಸರು ಬಟ್ಟೆಚೂರಿನಲ್ಲಿ ಕಟ್ಟಿದ 'ಸುನಾಮಿಕಾ', 2018ರ ನೆರೆಯಲ್ಲಿ ಕೆಸರಾದ ಕೇರಳದ ಚೇಂದಮಂಗಲಂ ಕೈಮಗ್ಗದ ಸೀರೆಗಳಿಂದ ಹುಟ್ಟಿದ 'ಚೇಕುಟ್ಟಿ'. ಎರಡೂ ಬೆರಳುದ್ದದ ಗೊಂಬೆಗಳೇ. ಊರಿನ ಕಥೆ ಅವುಗಳ ಮೈಗೆ ಅಂಟಿತ್ತು.

ಮೇಜು, ಕಾರ್ಡು, ಕಾಯ್ದೆ

ಮಾರುವ ಜಾಗಗಳು ಹೆಚ್ಚಿವೆ. 1994ರ ದಿಲ್ಲಿ ಹಾಟ್ ಮಾದರಿಯಲ್ಲಿ ಬೇಲಾಪುರದಲ್ಲಿ ಸಿಡ್ಕೊ ಕಟ್ಟಿದ ಅರ್ಬನ್ ಹಾಟ್‌ನಲ್ಲಿ ದೇಶದ ನಾನಾ ಕಡೆಯ ಕುಶಲಕರ್ಮಿಗಳ ಮೇಳ ನಡೆಯುತ್ತದೆ. ಗ್ರಾಮೀಣ ಸ್ವಸಹಾಯ ಸಂಘಗಳಿಗೆ ಮಹಾಲಕ್ಷ್ಮಿ ಸರಸ್ ಮೇಳ ಇದೆ. 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಮಾರಾಟಗಾರರೂ ರಾಜ್ಯದೊಳಗೆ ಇ-ಕಾಮರ್ಸ್ ಮೂಲಕ ಮಾರಬಹುದು.

ಕಾಯ್ದೆಯ ಕಣ್ಣಿಗೆ ಮಾತ್ರ ಈ ಕಸುಬು ಅರ್ಧವೇ ಕಾಣುತ್ತದೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಉಂಟು. ಹಾಗಾಗಿ ಆ ನೋಂದಣಿಯ ಕುಶಲಕರ್ಮಿ ಕಾರ್ಡು ಇಲ್ಲದೆ ಮಕ್ಕಳ ಗೊಂಬೆ ಮಾರುವವರು ನಿಯಮದ ಹೊರಗೆ ಬೀಳುತ್ತಾರೆ. 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದ್ದಾನೆ, ಸಾಂಪ್ರದಾಯಿಕ ಗೊಂಬೆ-ಆಟಿಕೆ ಮಾಡುವವರಿದ್ದಾರೆ. ಕಸೂತಿ ಹಾಕುವವಳು, ಕೌದಿ ಹೊಲಿಯುವವಳು, ಕ್ರೋಶಾ ಹೆಣೆಯುವವಳು ಪ್ರತ್ಯೇಕ ಹೆಸರಿನಲ್ಲಿ ಇಲ್ಲ. ಸಲಕರಣೆಗೆ 15,000 ರೂಪಾಯಿ, ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇ. 5ರ ಸಾಲ ಬೇಕಿದ್ದರೆ ಅವರು ದರ್ಜಿಯಾಗಿಯೋ ಗೊಂಬೆಗಾರ್ತಿಯಾಗಿಯೋ ಅರ್ಜಿ ಹಾಕಬೇಕು.

ಗಂಟೆಯ ಲೆಕ್ಕ

ಕೊನೆಗೆ ಎಲ್ಲ ಮಾತೂ ಬೆಲೆಗೇ ಬಂದು ನಿಲ್ಲುತ್ತದೆ. ಹತ್ತು ಗಂಟೆ ಹಿಡಿಯುವ ಒಂದು ಕ್ರೋಶಾ ಗೊಂಬೆ 600 ರೂಪಾಯಿಗೆ ಹೋಯಿತೆಂದು ಇಟ್ಟುಕೊಳ್ಳೋಣ. ನೂಲು, ನಾರು, ಪೆಟ್ಟಿಗೆಗೆ 150 ಕಳೆದರೆ ಗಂಟೆಗೆ 45 ರೂಪಾಯಿ. ಮೇಜಿನ ಬಾಡಿಗೆ, ರೈಲಿನ ಓಡಾಟ ಇನ್ನೂ ಸೇರಿಸಿಲ್ಲ. ಗಿರಾಕಿಗೆ ಮಾತ್ರ 600 ಹೆಚ್ಚೆನಿಸುತ್ತದೆ, ಯಂತ್ರದ ಗೊಂಬೆ ಅದರ ಅರ್ಧಕ್ಕೆ ಸಿಗುತ್ತದೆ. ಬಟ್ಟೆ, ಮರ, ಲೋಹದ ಗೊಂಬೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿದರೂ ನೋಂದಣಿಯ ಮಿತಿಯೊಳಗೇ ಇರುವ ಈ ಹೆಂಗಸರ ಲೆಕ್ಕ ಅದರಿಂದ ಬದಲಾಗುವುದಿಲ್ಲ.

'ಬಿಡುವಿನಲ್ಲಿ ಮಾಡಿದ್ದು' ಎಂಬ ಮಾತೇ ಈ ಕಸುಬಿನ ಶತ್ರು. ರುಖವತ್ತಿನ ಕಾಲದಲ್ಲಿ ಕೈಯ ಹೊತ್ತಿಗೆ ಬೆಲೆ ಇರಲಿಲ್ಲ, ಏಕೆಂದರೆ ಅದು ಮಗಳ ಹೊತ್ತು. ಮಾರಾಟಕ್ಕಿಟ್ಟ ಮೇಲೂ ಅದೇ ಲೆಕ್ಕ ಮುಂದುವರಿದರೆ, ನೌಕರಿ ಸಿಕ್ಕ ದಿನವೇ ಒಬ್ಬೊಬ್ಬರಾಗಿ ಸೂಜಿ ಕೆಳಗಿಡುತ್ತಾರೆ. ಬಚತ್ ಗಟ್‌ಗಳು, ಸಂಘಗಳು ಮೇಜು ಹಾಕಿಕೊಡುವುದರ ಜೊತೆಗೆ ಮೂರು ಕೆಲಸ ಮಾಡಬಹುದು: ಗಂಟೆಯ ಕೂಲಿ ಸೇರಿಸಿ ಬೆಲೆ ಕಟ್ಟುವುದನ್ನು ಕಲಿಸುವುದು, ಕುಶಲಕರ್ಮಿ ಕಾರ್ಡಿನ ಅರ್ಜಿ ಒಟ್ಟಾಗಿ ಹಾಕಿಸುವುದು, ಗುಳೇದಗುಡ್ಡದ ನೇಕಾರರಿಂದ ಕೈಮಗ್ಗದ ಖಣವನ್ನು ನೇರವಾಗಿ ತರಿಸುವುದು. ಮೂರನೆಯದರಿಂದ ಎರಡೂ ತುದಿಗೆ ಲಾಭ: ಅಲ್ಲಿ ಮಗ್ಗಕ್ಕೆ ಕೆಲಸ, ಇಲ್ಲಿ ಗೊಂಬೆಗೆ ಯಂತ್ರದ ಗೊಂಬೆಗಿಲ್ಲದ ಮೈಬಟ್ಟೆ. ಈ ನಾಲ್ಕು ಊರುಗಳಿಗೆ ಒಂದು ಕಸುಬಿನ ಹೆಸರು ಬರುವುದಿದ್ದರೆ, ಗುಳೇದಗುಡ್ಡದ ನೇಯ್ಗೆಯನ್ನು ಡೊಂಬಿವಲಿಯ ಹೊಲಿಗೆಗೆ ಸೇರಿಸಿ, ಎರಡಕ್ಕೂ ಕೂಲಿ ಕೊಡುವ ದಾರಿಯಲ್ಲೇ ಬಂದೀತು.